ಯಾರಪ್ಪನ ಕಲ್ಲು?

ಹುತ್ತೂರು ಹೋಬಳಿಯ ಒಂದು ಹಳ್ಳಿಯಲ್ಲಿ ಕೆರೆ ಏರಿಗೆ ಒರಗಿಕೊಂಡು ಒಬ್ಬ ವೀರ ಬೋರಲಾಗಿದ್ದಾನೆ. ಪೂರ್ತಿ ಬಿದ್ದಿಲ್ಲ, ಅರ್ಧ ವಾಲಿದ್ದಾನೆ. ಬುಡ ಹೂಳಿನಲ್ಲಿ, ಮುಖ ಏರಿಯ ಕಡೆಗೆ, ಬೆನ್ನು ಆಕಾಶಕ್ಕೆ. ಬೆನ್ನೆಂದರೆ ಕಲ್ಲಿನ ಹಿಂಬದಿ, ಉಳಿ ತಾಗದ ಅಗಲವಾದ ಚಪ್ಪಡಿ. ಬಟ್ಟೆ ಒಗೆಯುವುದಕ್ಕೆ ಇದಕ್ಕಿಂತ ಒಳ್ಳೆಯ ಇಳಿಜಾರು ಸುತ್ತ ನಾಕೂರಲ್ಲಿ ಇಲ್ಲ ಎಂಬುದು ಅಲ್ಲಿನ ಹೆಂಗಸರ ಸರ್ವಾನುಮತದ ಠರಾವು. ನಾನು ಹೋದಾಗ ಒಬ್ಬ ಅಜ್ಜಿ ಮೊಮ್ಮಗನ ಜೀನ್ಸ್ ಪ್ಯಾಂಟನ್ನು ವೀರನ ಬೆನ್ನಿಗೆ ಬಡಿಯುತ್ತಿದ್ದರು. ಪ್ರತಿ ಏಟಿಗೂ ನೀಲಿ ಸೋಪಿನ ನೊರೆ ಎದ್ದು, ಕಲ್ಲಿನ ಅಂಚಿನಲ್ಲಿ ಇಳಿದು, ತೊಟ್ಟಿಕ್ಕುತ್ತಿತ್ತು.

ಮಂಡಿಯೂರಿ, ಮೊಬೈಲಿನ ಟಾರ್ಚ್ ಹಚ್ಚಿ, ಕಲ್ಲಿಗೂ ಏರಿಗೂ ನಡುವಿನ ಸಂದಿನಲ್ಲಿ ತಲೆ ತೂರಿಸಿ ನೋಡಿದೆ. ಮುಖ ಮರೆಯಲ್ಲಿ ಇದ್ದದ್ದರಿಂದಲೇ ಮಳೆ, ಬಿಸಿಲು, ಎಣ್ಣೆ, ಸುಣ್ಣ, ಪ್ರೇಮಿಗಳ ಹೆಸರು ಯಾವುದೂ ಅವನಿಗೆ ತಗುಲಿಲ್ಲ. ಕೆಳಗಿನ ಪಟ್ಟಿಯಲ್ಲಿ ಬಿಲ್ಲು ಎಳೆದು ಮುಂದಕ್ಕೆ ಬಾಗಿದ್ದಾನೆ. ಹಿಂದೆ ಮೂರು ದನ, ಅದರಲ್ಲಿ ಒಂದು ಕತ್ತು ತಿರುಗಿಸಿ ಅವನನ್ನೇ ನೋಡುತ್ತಿದೆ. ಮೇಲಿನ ಪಟ್ಟಿಯಲ್ಲಿ ಇಬ್ಬರು ಅಪ್ಸರೆಯರು ಅವನ ಕಂಕುಳಿಗೆ ಕೈಕೊಟ್ಟು ಎತ್ತಿಕೊಂಡು ಹೊರಟಿದ್ದಾರೆ. ಊರಿನ ದನ ಹೊಡೆದುಕೊಂಡು ಹೋದವರ ಬೆನ್ನಟ್ಟಿ, ದನ ಬಿಡಿಸಿ, ತಾನು ಸತ್ತವನ ಕಲ್ಲು. ಹಳಬರು ತುರುಗೋಳ್ ಅನ್ನುತ್ತಿದ್ದರಲ್ಲ, ಅದು. ದನ ಯಾವ ಸರ್ವೆ ನಂಬರಿನಲ್ಲಿ ಮೇಯುತ್ತಿದ್ದವು, ಎಲ್ಲೆ ದಾಟಿದ ಮೇಲೆ ಅವು ಯಾರ ವ್ಯಾಪ್ತಿಗೆ ಬರುತ್ತವೆ ಎಂದು ವಿಚಾರಿಸದೆ ಓಡಿದ ಕೊನೆಯ ಮನುಷ್ಯ ಇವನೇ ಇರಬೇಕು.

"ಈ ಕಲ್ಲು ಯಾರ್ದಮ್ಮಾ?" ಅಂದೆ.

ಅಜ್ಜಿ ಪ್ಯಾಂಟು ಹಿಂಡುತ್ತಾ, "ಮನದೇ ಕದ ನಾಯನಾ" ಅಂದರು.

ಕೋಲಾರದ ಕಡೆ ಎಷ್ಟೋ ಮನೆಗಳಲ್ಲಿ ಒಳಗೆ ತೆಲುಗು, ಹೊರಗೆ ಕನ್ನಡ. ಜಗಳಕ್ಕೆ ಎರಡೂ. ಕನ್ನಡದಲ್ಲಿ 'ನಮ್ದು' ಅಂದರೆ ಕೇಳುವವನು ಆ ಲೆಕ್ಕದಲ್ಲಿ ಸೇರಿದ್ದಾನೋ ಇಲ್ಲವೋ ಅನ್ನುವುದನ್ನು ಹೇಳುವವನ ಮುಖ ನೋಡಿ ತಿಳಿಯಬೇಕು. ತೆಲುಗಿನಲ್ಲಿ ಆ ರಗಳೆ ಇಲ್ಲ. 'ಮಾದಿ' ಅಂದರೆ ನಮ್ಮದು, ನಿನ್ನದಲ್ಲ, ಆಚೆ ನಿಲ್ಲು. 'ಮನದಿ' ಅಂದರೆ ನಮ್ಮದು, ನೀನೂ ಸೇರಿ. ಅಜ್ಜಿ ಅಂದದ್ದು ಎರಡನೆಯದು. ಅಲ್ಲಿಗೆ ಕಾಗದ ಪತ್ರ ಇಲ್ಲದೆ, ಸ್ಟಾಂಪ್ ಡ್ಯೂಟಿ ಇಲ್ಲದೆ ನಾನೂ ಆ ಕಲ್ಲಿನ ಪಾಲುದಾರನಾದೆ. ಕೆಟ್ಟದ್ದು ಅಲ್ಲೇ.

ಪಾಲುದಾರನಾದ ಮೇಲೆ ಸುಮ್ಮನೆ ಇರೋದು ಹೇಗೆ? ಕಲ್ಲನ್ನು ಎತ್ತಿ ನೆಟ್ಟಗೆ ನಿಲ್ಲಿಸಿ, ಬುಡಕ್ಕೆ ನಾಲ್ಕು ಬಾಂಡ್ಲಿ ಜಲ್ಲಿ ಹಾಕಿಸೋಣ ಅಂದುಕೊಂಡೆ. ನಾಲ್ಕು ಜನ, ಎರಡು ಹಾರೆ, ಒಂದು ಹಗ್ಗ. ಒಗೆಯುವುದಕ್ಕೆ ಪಕ್ಕದಲ್ಲೇ ಬೇರೆ ಚಪ್ಪಡಿ ಹಾಕಿಸಿಕೊಡುತ್ತೇನೆ ಎಂದು ಅಜ್ಜಿಗೆ ಮಾತೂ ಕೊಟ್ಟೆ. ಜೊತೆಗಿದ್ದ ಮೇಷ್ಟ್ರು ಮಾತ್ರ ಕಿವಿಯಲ್ಲಿ, "ಮುಟ್ಬೇಡಿ ಸಾರ್, ಕೇಸಾಗ್ತದೆ. ಮೊದ್ಲು ಇದು ಯಾರ್ದು ಅಂತ ತಿಳ್ಕೊಳ್ಳಿ" ಅಂದರು.

ತಿಳಿದುಕೊಳ್ಳಲು ಹೊರಟೆ.

ಮೊದಲ ಕಚೇರಿ ಪಂಚಾಯಿತಿಯದು. ಯಾವ ಪಂಚಾಯಿತಿ ಅನ್ನುವುದು ಬೇಡ, ಎಲ್ಲ ಕಡೆ ಕುರ್ಚಿ ಅದೇ. "ಕಲ್ಲು ನಮಗೆ ಬರಲ್ಲ ಸಾರ್" ಎಂಬ ಉತ್ತರ ನಾನು ಕೂರುವುದಕ್ಕೆ ಮೊದಲೇ ಸಿಕ್ಕಿತು. ಸಂವಿಧಾನಕ್ಕೆ 1992ರಲ್ಲಿ 73ನೇ ತಿದ್ದುಪಡಿ ತಂದು, ಹನ್ನೊಂದನೇ ಅನುಸೂಚಿಯಲ್ಲಿ ಪಂಚಾಯಿತಿಗಳಿಗೆ 29 ವಿಷಯ ಪಟ್ಟಿ ಮಾಡಿಕೊಟ್ಟಿದ್ದಾರೆ. ಹುಡುಕಿದೆ. ಮೀನುಗಾರಿಕೆ ಇದೆ, ಖಾದಿ ಇದೆ, ಗ್ರಂಥಾಲಯ ಇದೆ, ಸಂತೆ ಜಾತ್ರೆ ಇದೆ, ಸಾಂಸ್ಕೃತಿಕ ಚಟುವಟಿಕೆ ಇದೆ. ಸ್ಮಾರಕ ಎಂಬ ಮಾತಿಲ್ಲ. ಪಶುಸಂಗೋಪನೆ ಇದೆ. ಅಂದರೆ ವೀರ ಪ್ರಾಣ ಕೊಟ್ಟು ಬಿಡಿಸಿದ ಮೂರು ದನ ಪಂಚಾಯಿತಿಗೆ ಬರುತ್ತವೆ, ವೀರ ಬರುವುದಿಲ್ಲ.

ಎರಡನೇ ಕಚೇರಿಯಲ್ಲಿ ಕೆರೆಯ ಅಚ್ಚುಕಟ್ಟು ಎಷ್ಟು ಎಂದು ಕೇಳಿದರು. 40 ಹೆಕ್ಟೇರಿಗಿಂತ ಕಡಿಮೆಯಿದ್ದರೆ ಒಬ್ಬರಿಗೆ, ಜಾಸ್ತಿಯಿದ್ದರೆ ಇನ್ನೊಬ್ಬರಿಗೆ. ನಾನು ಕೇಳುತ್ತಿರುವುದು ಕೆರೆಯ ವಿಚಾರವಲ್ಲ, ಕಲ್ಲಿನದು ಅಂದೆ. "ಏರಿ ನಮ್ದು. ಏರಿಗೆ ಒರಗಿರೋದು ನಮ್ದಲ್ಲ. ಆದ್ರೆ ಕಲ್ಲು ತೆಗ್ಯೋವಾಗ ಏರಿಗೇನಾದ್ರೂ ಆದ್ರೆ ಹೊಣೆ ನಿಮ್ದು." ಮೂರು ವಾಕ್ಯದಲ್ಲಿ ಇಡೀ ಆಡಳಿತಶಾಸ್ತ್ರ. ಬೆಂಗಳೂರಿನ ಕೊಳಚೆಯನ್ನು ಸಂಸ್ಕರಿಸಿ 2018ರಿಂದ ನಮ್ಮ ಜಿಲ್ಲೆಯ ಕೆರೆಗಳಿಗೆ ಹರಿಸುತ್ತಿದ್ದಾರೆ. ಆ ನೀರಿಗೆ ಅಷ್ಟು ದೂರದಿಂದ ಬಂದು ಕೆರೆಯಲ್ಲಿ ಮಲಗಲು ಒಪ್ಪಿಗೆ ಸಿಕ್ಕಿತು. ಕೆರೆ ಪಕ್ಕದವನಿಗೆ ಎದ್ದು ನಿಲ್ಲಲು ಸಿಗಲಿಲ್ಲ.

ಮೂರನೆಯವರು ಪಹಣಿ ತೆಗೆದು, ಖರಾಬು ಅಂತ ಇದೆ, ಕಲ್ಲಿನ ಕಾಲಂ ಇಲ್ಲ ಅಂದರು. ದೇವಸ್ಥಾನಗಳ ಕಡತ ನೋಡುವ ನಾಲ್ಕನೆಯವರು ಬಹಳ ಮರ್ಯಾದಸ್ಥರು, ಕಾಫಿ ತರಿಸಿದರು.

"ಪೂಜೆ ನಡೀತದಾ?"

"ಇಲ್ಲ. ಬಟ್ಟೆ ಒಗೀತಾರೆ."

"ಹುಂಡಿ ಇದೆಯಾ?"

"ಇಲ್ಲ."

"ಹಂಗಾದ್ರೆ ದೇವ್ರಲ್ಲ" ಎಂದು ಅವರು ನಿಟ್ಟುಸಿರು ಬಿಟ್ಟರು. ತಸ್ತೀಕು ಕೇಳಲು ಬಂದವನಲ್ಲ ಎಂದು ಗೊತ್ತಾದ ಸಮಾಧಾನವೂ ಅದರಲ್ಲಿ ಇದ್ದಿರಬಹುದು.

ಪುರಾತನ ಕಲ್ಲುಗಳ ವಿಚಾರ ಬಲ್ಲವರೊಬ್ಬರು ಕೊನೆಗೆ ನನ್ನನ್ನು ಕೂರಿಸಿಕೊಂಡು ಸಂವಿಧಾನದ ಪಾಠ ಹೇಳಿದರು. ಏಳನೇ ಅನುಸೂಚಿಯಲ್ಲಿ ಮೂರು ಪಟ್ಟಿ. ಸಂಸತ್ತು ರಾಷ್ಟ್ರೀಯ ಮಹತ್ವದ್ದು ಎಂದು ಸಾರಿದ ಸ್ಮಾರಕ ಕೇಂದ್ರ ಪಟ್ಟಿಯ 67ನೇ ನಮೂದು, ಅದು ದೆಹಲಿಯದು. ಹಾಗೆ ಸಾರದ ಸ್ಮಾರಕ ರಾಜ್ಯ ಪಟ್ಟಿಯ 12ನೇ ನಮೂದು, ಅದು ರಾಜ್ಯದ್ದು. ದೆಹಲಿ ಸಾರದ ಪುರಾತತ್ವ ನಿವೇಶನ ಮತ್ತು ಅವಶೇಷ ಸಮವರ್ತಿ ಪಟ್ಟಿಯ 40ನೇ ನಮೂದು, ಅದು ಇಬ್ಬರದೂ. ನಾನು ನಮ್ಮ ವೀರನನ್ನು ಮನಸ್ಸಿನಲ್ಲೇ ಆ ಮೂರು ಪಟ್ಟಿಗಳ ಮೇಲೆ ಮಲಗಿಸಿ ಅಳತೆ ಹಿಡಿದೆ. ನೆಲದಿಂದ ಮೇಲಿರುವ ಭಾಗ ಸ್ಮಾರಕ, ರಾಜ್ಯ ಪಟ್ಟಿ. ಹೂಳಿನಲ್ಲಿ ಹೂತಿರುವ ಭಾಗ ಅವಶೇಷ, ಸಮವರ್ತಿ ಪಟ್ಟಿ. ಅಪ್ಸರೆಯರು ಎತ್ತಿಕೊಂಡು ಹೋಗಬೇಕಾದರೆ ಇಬ್ಬರ ಸಹಿಯೂ ಬೇಕು.

ಹಾಗೆಂದು ಈ ಹಗ್ಗಜಗ್ಗಾಟ ನಿನ್ನೆ ಮೊನ್ನೆಯದಲ್ಲ. ಮೈಸೂರು ಸಂಸ್ಥಾನ 1885ರಲ್ಲೇ ಪುರಾತತ್ವಕ್ಕೆಂದು ಪ್ರತ್ಯೇಕ ಇಲಾಖೆ ತೆರೆದು ಬಿ.ಎಲ್. ರೈಸ್ ಅವರನ್ನು ಕೂರಿಸಿತ್ತು. ಅವರ 'ಎಪಿಗ್ರಾಫಿಯ ಕರ್ನಾಟಿಕ'ದ 10ನೇ ಸಂಪುಟ, ಕೋಲಾರ ಜಿಲ್ಲೆಯದು, 1905ರಲ್ಲಿ ಬಂತು. ಅದನ್ನು ತಿರುವಿ ನೋಡಿದವರಿಗೆ ಗೊತ್ತು: ಪ್ರತಿ ಶಾಸನದ ತಲೆಯ ಮೇಲೆ ಅದು ಎಲ್ಲಿದೆ ಅನ್ನುವುದು ಇರುತ್ತದೆ. ಇಂಥ ಊರಿನ ಕೆರೆ ತೂಬಿನ ಹತ್ತಿರ, ಇಂಥವರ ಹೊಲದಲ್ಲಿ, ಇಂಥ ಗುಡಿಯ ಎದುರು. ಎಲ್ಲಿದೆ ಎಂದು ಬರೆದರೇ ಹೊರತು ಯಾರದು ಎಂದು ಬರೆಯಲಿಲ್ಲ. ಆ ಕಾಲದಲ್ಲಿ ಕಲ್ಲಿಗೆ ವಿಳಾಸ ಸಾಕಾಗಿತ್ತು.

ಆಮೇಲೆ ಕಾಯಿದೆಗಳು ಬಂದವು. ಬ್ರಿಟಿಷ್ ಇಂಡಿಯಾಕ್ಕೆ ಕರ್ಜನ್ ಕಾಲದ 1904ರದ್ದು. ಮೈಸೂರಿಗೆ ತನ್ನದೇ 1925ರದ್ದು. ಸ್ವಾತಂತ್ರ್ಯ ಬಂದ ಮೇಲೆ 1951ರಲ್ಲಿ ಸಂಸತ್ತು ಒಂದು ಕಾಯಿದೆ ಮಾಡಿ, ಹಳೇ ಸಂಸ್ಥಾನಗಳ ಹೆಸರಾಂತ ಸ್ಮಾರಕಗಳನ್ನು ರಾಷ್ಟ್ರೀಯ ಮಹತ್ವದವು ಎಂದು ಪಟ್ಟಿ ಮಾಡಿತು. 1958ರಲ್ಲಿ ಈಗಿನ ಕೇಂದ್ರ ಕಾಯಿದೆ, 1961ರಲ್ಲಿ ನಮ್ಮ ರಾಜ್ಯದ್ದು. ಮನೆ ಭಾಗವಾದಾಗ ನಡೆಯುವುದೇ ನಡೆಯಿತು. ದೊಡ್ಡವನು ಬೆಳ್ಳಿ ತಟ್ಟೆ ಆರಿಸಿಕೊಂಡ, ಎರಡನೆಯವನಿಗೆ ಹಿತ್ತಾಳೆ. ತೂತು ಬಿದ್ದ ಕಬ್ಬಿಣದ ಬಾಂಡ್ಲಿ ಯಾರ ಪಾಲಿಗೂ ಬರೆಯದೆ ಹಿತ್ತಲಿನಲ್ಲಿ ಉಳಿಯಿತು. ಹೆಂಗಸರು ಅದರಲ್ಲಿ ನೀರು ತುಂಬಿಸಿ ಕೋಳಿಗೆ ಇಟ್ಟರು. ನಮ್ಮ ವೀರ ಆ ಬಾಂಡ್ಲಿ.

ಬಾಂಡ್ಲಿ ಕತೆ ಹೀಗಾಯಿತು, ಬೆಳ್ಳಿ ತಟ್ಟೆಯಾದರೂ ಮೆರೆಯುತ್ತಿರಬೇಕಲ್ಲ? ಕೋಲಾರಕ್ಕೆ ಬನ್ನಿ. ಗಂಗರ ಕುವಲಾಲಪುರ, ಅವರ ಬಿರುದಿನಲ್ಲಿ ಕೊನೆಯವರೆಗೂ ಉಳಿದ ಊರು. ಕೋಲಾರಮ್ಮನ ಗುಡಿಯ ಕಲ್ಲಿನಲ್ಲಿ ರಾಜೇಂದ್ರ ಚೋಳನ ಕಾಲದ ತಮಿಳು ಶಾಸನಗಳಿವೆ. ಪಕ್ಕದಲ್ಲಿ ವಿಜಯನಗರದ ಕಾಲದ ಸೋಮೇಶ್ವರ. ಎರಡೂ ಭಾರತೀಯ ಪುರಾತತ್ವ ಸರ್ವೇಕ್ಷಣದ ರಕ್ಷಣೆಯಲ್ಲಿ. ಅಂದರೆ ಗೋಡೆ ದೆಹಲಿಯದು. ಗೋಡೆಯೊಳಗಿನ ಪೂಜೆ, ಹುಂಡಿ, ಹಣ್ಣುಕಾಯಿ ಮುಜರಾಯಿಯದು, ಅಂದರೆ ಬೆಂಗಳೂರಿನದು. ಗೋಡೆಯಾಚೆಯ ಚರಂಡಿ ನಗರಸಭೆಯದು. ಚಪ್ಪಲಿ ಮಾತ್ರ ಭಕ್ತರದು, ಅದೂ ಹಿಂತಿರುಗಿ ಬಂದಾಗ ಇದ್ದರೆ.

ಕೋಲಾರಮ್ಮನ ಗುಡಿಯಲ್ಲಿ ಎರಡು ವಾಡಿಕೆಗಳಿವೆ, ನೋಡಿದವರಿಗೆ ಗೊತ್ತು. ಅಮ್ಮನನ್ನು ನೇರ ನೋಡುವುದಿಲ್ಲ, ಎದುರಿಗಿಟ್ಟ ಕನ್ನಡಿಯಲ್ಲಿ ನೋಡುತ್ತಾರೆ. ಅಲ್ಲೇ ಚೇಳಮ್ಮನ ಸನ್ನಿಧಿಯಲ್ಲಿ ನೆಲದೊಳಗೊಂದು ಗುಂಡಿ, ಕಾಣಿಕೆ ಅದರೊಳಕ್ಕೆ. ಹಾಕಿದ ಕಾಸು ಎಲ್ಲಿ ಹೋಯಿತು ಎಂದು ಇಣುಕಿ ನೋಡುವ ಧೈರ್ಯ ಯಾರಿಗೂ ಇಲ್ಲ, ಚೇಳು ಕುಟುಕೀತು ಎಂಬ ಭಯ. ಇದನ್ನು ಮೂಢನಂಬಿಕೆ ಅನ್ನುವವರು ಸ್ಮಾರಕ ಸಂರಕ್ಷಣೆಯ ಕಡತ ಓದಿಲ್ಲ. ಅಲ್ಲೂ ಸ್ಮಾರಕವನ್ನು ಯಾರೂ ನೇರ ನೋಡುವುದಿಲ್ಲ, ಕಡತದ ಕನ್ನಡಿಯಲ್ಲೇ ದರ್ಶನ. ಅನುದಾನಕ್ಕೂ ಅಂಥದ್ದೇ ಒಂದು ಗುಂಡಿ. ಇಣುಕಿದವರಿಗೆ ಕುಟುಕುವ ವ್ಯವಸ್ಥೆಯೂ ಉಂಟು.

ಇನ್ನು ನೂರು ಮೀಟರಿನ ಮಾತು. 1958ರ ಕಾಯಿದೆಗೆ 2010ರಲ್ಲಿ ತಿದ್ದುಪಡಿ ತಂದು, ಕೇಂದ್ರ ರಕ್ಷಿತ ಸ್ಮಾರಕದ ಸುತ್ತ 100 ಮೀಟರ್ ನಿಷೇಧಿತ, ಅದರಾಚೆ ಇನ್ನೂ 200 ಮೀಟರ್ ನಿಯಂತ್ರಿತ ಎಂದು ಗೆರೆ ಎಳೆದರು. ಒಳ್ಳೆಯ ಉದ್ದೇಶ. ಗುಡಿಯ ಕಳಸಕ್ಕಿಂತ ಲಾಡ್ಜಿನ ಬೋರ್ಡು ಎತ್ತರ ಆಗಬಾರದು ಎಂಬುದನ್ನು ನಾನೂ ಒಪ್ಪುತ್ತೇನೆ. ಆದರೆ ಗುಡಿ ಇರುವುದು ಹಳೇ ಊರಿನ ನಡುವೆ. ಊರೇ ಗುಡಿಯನ್ನು ಸುತ್ತಿಕೊಂಡು ಬೆಳೆದದ್ದು. ಆ ವೃತ್ತದೊಳಗೆ ಸಿಕ್ಕವನು ಸೋರುವ ಮಾಳಿಗೆ ಬಿಚ್ಚಿ ಕಟ್ಟಬೇಕಾದರೂ ಸಕ್ಷಮ ಪ್ರಾಧಿಕಾರಕ್ಕೆ ಅರ್ಜಿ ಹಾಕಬೇಕು. ಅಲ್ಲಿಂದ ಅದು ದೆಹಲಿಯ ರಾಷ್ಟ್ರೀಯ ಸ್ಮಾರಕ ಪ್ರಾಧಿಕಾರಕ್ಕೆ ಹೋಗಬೇಕು. ಅಷ್ಟರಲ್ಲಿ ಇನ್ನೊಂದು ಮಳೆಗಾಲ. ಅವನ ಅಜ್ಜ ಹುಟ್ಟಿದ್ದು ಆ ಮನೆಯಲ್ಲೇ, ಗುಡಿಯ ತೇರು ಎಳೆದದ್ದು ಅವನ ಮುತ್ತಜ್ಜ. ಕಾಯಿದೆಯ ಕಣ್ಣಿಗೆ ಮಾತ್ರ ಅವನು ಸ್ಮಾರಕಕ್ಕೆ ತೀರಾ ಹತ್ತಿರ ಬಂದುಬಿಟ್ಟ ಅಪಾಯ. ಅದೇ ನೂರು ಮೀಟರಿನೊಳಗೆ ಕೇಂದ್ರ ಸರ್ಕಾರದ್ದೇ ಕಾಮಗಾರಿಯಾದರೆ ದಾರಿ ಬಿಡಬಹುದು ಎಂಬ ಮಸೂದೆಯನ್ನು 2018ರ ಜನವರಿಯಲ್ಲಿ ಲೋಕಸಭೆ ಒಪ್ಪಿತು, ರಾಜ್ಯಸಭೆಯಲ್ಲಿ ಅದು ಸಿಕ್ಕಿಕೊಂಡಿತು. ಮನೆಯವನ ಬಚ್ಚಲಿನಿಂದ ಕಲ್ಲು ಅದುರುತ್ತದೆ, ಸರ್ಕಾರದ ಮೇಲ್ಸೇತುವೆಯಿಂದ ಅದುರುವುದಿಲ್ಲ. ಇದು ಭೂವಿಜ್ಞಾನ.

ಗುಡಿಯ ಬಾಗಿಲ ಹತ್ತಿರ ನಿಲ್ಲುವ ಆ ನೀಲಿ ಫಲಕ ನೋಡಿರುತ್ತೀರಿ. ನಾನು ಅದರ ಹಳೇ ಓದುಗ. ಮೊದಲು ಸ್ಮಾರಕ ಹಾಳುಗೆಡವಿದರೆ ಮೂರು ತಿಂಗಳು ಜೈಲು, ಐದು ಸಾವಿರ ರೂಪಾಯಿ ದಂಡ ಎಂದಿತ್ತು. 2010ರಲ್ಲಿ ಎರಡು ವರ್ಷ, ಒಂದು ಲಕ್ಷಕ್ಕೆ ಏರಿತು. ಹಾಳುಗೆಡವಿದವರಿಗೆ ರೇಟು ಇದೆ. ಹಾಳಾಗಲು ಬಿಟ್ಟವರಿಗೆ ಯಾವ ಫಲಕದಲ್ಲೂ ನಾನು ರೇಟು ಕಂಡಿಲ್ಲ. 2013ರಲ್ಲಿ ಮಹಾಲೇಖಪಾಲರ ಕಡೆಯವರು ಕೇಂದ್ರದ 1655 ಸ್ಮಾರಕಗಳನ್ನು ಹೋಗಿ ನೋಡಿದಾಗ 92 ಸ್ಮಾರಕಗಳು ಜಾಗದಲ್ಲೇ ಇರಲಿಲ್ಲ. ಕೆಲವುದರ ಮೇಲೆ ಊರೇ ಎದ್ದಿತ್ತು. ಹತ್ತು ವರ್ಷದ ನಂತರ ಸಂಸದೀಯ ಸಮಿತಿಯ ಮುಂದೆ ಬಂದ ಲೆಕ್ಕ ಇನ್ನೂ ಚೆನ್ನಾಗಿದೆ: ದೇಶದಲ್ಲಿ 3693 ರಕ್ಷಿತ ಸ್ಮಾರಕ, ಕಾವಲುಗಾರರು ಇರುವುದು 248 ಕಡೆ, ಕಾಣೆಯಾದವು 50. ನಮ್ಮ ರಾಜ್ಯದಲ್ಲೇ 506 ಇವೆಯಂತೆ. ಇವೆಯಂತೆ ಅಂದೆ, ಎಣಿಸಿ ಬಂದವನಲ್ಲ.

ಇಷ್ಟು ಓದಿ, "ಅದಕ್ಕೇ ನಾವ್ ಹೇಳೋದು, ಊರಿನ ಗುಡಿ ಊರಿಗೇ ಬಿಡಿ" ಎಂದು ತೊಡೆ ತಟ್ಟುತ್ತಿರುವ ಜೀರ್ಣೋದ್ಧಾರ ಸಮಿತಿಯ ಅಧ್ಯಕ್ಷರೇ, ದಯವಿಟ್ಟು ಕೂತುಕೊಳ್ಳಿ. ನಿಮ್ಮ ಪಾಳಿ ಈಗ.

ಊರಿಗೆ ಬಿಟ್ಟ ಗುಡಿಗಳನ್ನೂ ನೋಡಿದ್ದೇನೆ. ಮೊದಲು ಮುಂದೆ ತಗಡಿನ ಶೀಟು ಬರುತ್ತದೆ. ಆಮೇಲೆ ನೆಲಕ್ಕೆ ಜಾರುವ ಟೈಲ್ಸ್, ಜಾರಿ ಬಿದ್ದವರಿಗೆ ಹಿಡಿದುಕೊಳ್ಳಲು ಸ್ಟೀಲ್ ಕಂಬಿ. ಕಂಬಕ್ಕೆ ಎನಾಮಲ್, ದ್ವಾರಪಾಲಕರ ತುಟಿಗೆ ಕೆಂಪು, ನಂದಿಗೆ ಕಪ್ಪು ಆಯಿಲ್ ಪೇಂಟು. ಗೋಡೆಯ ಮಡ್ಡಿ ತೆಗೆಯುವುದಕ್ಕೆ ಗಾಳಿಯ ಮರಳಿನ ಮೆಷಿನ್ನು, ಮಡ್ಡಿಯ ಜೊತೆಗೆ ಶಿಲಾಬಾಲಿಕೆಯ ಮೂಗೂ ಹೋಗುತ್ತದೆ. ಕಟ್ಟಕಡೆಗೆ ದಾನಿಗಳ ಗ್ರಾನೈಟ್ ಫಲಕ. ಅದನ್ನು ಎಲ್ಲಿ ಕೂರಿಸುವುದು? ಅಕ್ಷರ ಇರುವ ಜಾಗಕ್ಕೇ ಅಕ್ಷರ ಒಪ್ಪುತ್ತದೆ ಎಂದು ಹಳೇ ಶಾಸನದ ಮೇಲೆಯೇ ಸಿಮೆಂಟು ಬಳಿದು ಅಂಟಿಸಿದ್ದನ್ನು ಕಣ್ಣಾರೆ ಕಂಡೆ. ಯಾವ ಊರು ಅಂತ ಹೇಳುವುದಿಲ್ಲ, ಮುಂದಿನ ಜಾತ್ರೆಗೆ ಊಟಕ್ಕೆ ಕರೆದಿದ್ದಾರೆ. ಸಾವಿರ ವರ್ಷದ ಹಿಂದೆ ದತ್ತಿ ಬಿಟ್ಟವನ ಹೆಸರು ಒಳಗೆ, 25 ಚೀಲ ಸಿಮೆಂಟು ಕೊಟ್ಟವರ ಹೆಸರು ಹೊರಗೆ. ಮುಂದೊಂದು ದಿನ ಅಗೆದು ನೋಡುವವರಿಗೆ ಎರಡು ಪದರದ ಇತಿಹಾಸ ಸಿಕ್ಕಂತಾಯಿತು.

ಇದಕ್ಕೂ ಮುಂದೆ ಹೋದವರು ಇದ್ದಾರೆ. ವೀರಗಲ್ಲಿನ ಕೆಳಗೆ, ಬಸವಣ್ಣನ ಹೊಟ್ಟೆಯಲ್ಲಿ ನಿಧಿ ಇದೆ ಎಂದು ಅಮಾವಾಸ್ಯೆ ರಾತ್ರಿ ನಿಂಬೆಹಣ್ಣು, ಹಾರೆ ಹಿಡಿದು ಬರುವ ಮಹನೀಯರು. ಅವರೂ ಸ್ಥಳೀಯರೇ. ವಿಕೇಂದ್ರೀಕರಣದಲ್ಲಿ ಅವರಷ್ಟು ಶ್ರದ್ಧೆಯಿರುವವರು ಇಲ್ಲ, ಒಂದು ಬಸವನನ್ನು ನಾಲ್ಕು ತುಂಡು ಮಾಡಿ ನಾಲ್ಕು ಕಡೆ ಹಂಚಿಹೋಗುತ್ತಾರೆ.

ಹಂಪಿಯಲ್ಲಿ ಈ ಎರಡೂ ಮುಖವನ್ನು ಒಂದೇ ಬೀದಿಯಲ್ಲಿ ನೋಡಬಹುದಿತ್ತು. ಕೇಂದ್ರದ ಇಲಾಖೆ, ರಾಜ್ಯದ ಇಲಾಖೆ, ಎರಡೂ ಸಾಲದೆಂದು 2002ರ ಕಾಯಿದೆಯಡಿ ಒಂದು ಪ್ರಾಧಿಕಾರ. ವಿರೂಪಾಕ್ಷನ ಎದುರಿನ ಬಜಾರಿನ ಸಾಲು ಮಂಟಪಗಳಲ್ಲಿ ಜನ ಸಂಸಾರ ಹೂಡಿ, ಗೋಡೆ ಕಟ್ಟಿ, ಅಂಗಡಿ ತೆರೆದಿದ್ದರು. ಅದು ಸರಿಯಿತ್ತು ಅನ್ನುವುದಿಲ್ಲ. ವರ್ಷಗಟ್ಟಲೆ ಯಾರೂ ಏನೂ ಅನ್ನಲಿಲ್ಲ. 2011ರ ಜುಲೈನಲ್ಲಿ ಒಂದು ದಿನ ಬುಲ್ಡೋಜರ್ ಬಂತು. ಬಜಾರನ್ನು ಉಳಿಸುವುದಕ್ಕಾಗಿ ಬಜಾರು ಮಾಡುವವರನ್ನು ತೆಗೆದರು. ಈಗ ಕೃಷ್ಣದೇವರಾಯನ ಕಾಲದ ವ್ಯಾಪಾರ ಹೇಗಿತ್ತು ಎಂದು ಪ್ರವಾಸಿಗಳಿಗೆ ಗೈಡು ಬಾಯಲ್ಲಿ ಹೇಳುತ್ತಾನೆ.

ನಮ್ಮ ಜಿಲ್ಲೆಯ ಹಳಬರಿಗೆ ಈ ತಾಪತ್ರಯ ಇರಲಿಲ್ಲ. ಮುಳಬಾಗಿಲು ತಾಲ್ಲೂಕಿನ ಆವಣಿಯಲ್ಲಿ ತ್ರಿಭುವನಕರ್ತ ಎಂಬ ಯತಿ ಇದ್ದ, ನೊಳಂಬರ ಕಾಲ, 10ನೇ ಶತಮಾನ. ನಲವತ್ತು ವರ್ಷ ಆವಣಿಯ ಸ್ಥಾನವನ್ನು ಆಳಿ, ಐವತ್ತು ಗುಡಿ ಕಟ್ಟಿಸಿ, ಎರಡು ದೊಡ್ಡ ಕೆರೆ ಕಟ್ಟಿಸಿದ ಎಂದು ಅಲ್ಲಿನ ಶಾಸನ ಹೇಳುತ್ತದೆ. ಲೆಕ್ಕ ಹಾಕಿ: ವರ್ಷಕ್ಕೆ ಒಂದೂಕಾಲು ಗುಡಿ. ಈಗ ಆವಣಿಯ ರಾಮಲಿಂಗೇಶ್ವರ ಗುಡಿಗಳ ಗುಂಪು ಕೇಂದ್ರ ರಕ್ಷಿತ. ತ್ರಿಭುವನಕರ್ತ ಈಗ ಎದ್ದು ಬಂದು ಐವತ್ತೊಂದನೆಯದಕ್ಕೆ ಗುದ್ದಲಿ ಹಾಕಿದರೆ ಮೊದಲ ಐವತ್ತರ ನೂರು ಮೀಟರ್ ಅಳೆದು ನೋಟಿಸ್ ಕೊಡುತ್ತಾರೆ. ಅಲ್ಲೇ ಹತ್ತಿರದ ಕುರುಡುಮಲೆಯ ಸೋಮೇಶ್ವರನ ಗುಡಿಯನ್ನು ಅರ್ಧ ಜಕಣಾಚಾರಿ, ಅರ್ಧ ಅವನ ಮಗ ಡಂಕಣಾಚಾರಿ ಕಟ್ಟಿದರು ಎಂದು ಜನ ಹೇಳುತ್ತಾರೆ. ಎರಡು ಅರ್ಧದ ಕೆಲಸ ಬೇರೆ ಬೇರೆ ಎಂದು ತೋರಿಸುತ್ತಾರೆ ಕೂಡ. ಕತೆಯೇ ಇರಬಹುದು. ಆದರೆ ಅಪ್ಪನ ಅರ್ಧ ಎಲ್ಲಿ ಮುಗಿಯಿತು, ಮಗನ ಅರ್ಧ ಎಲ್ಲಿ ಶುರುವಾಯಿತು ಎಂಬ ಸಂದಿನಲ್ಲಿ ಮಳೆ ನೀರು ಇಳಿದು, ಇದು ಯಾರ ಕಡೆಯ ಸೋರಿಕೆ ಎಂದು ಅವರು ಕಾಗದ ಬರೆದುಕೊಂಡ ಕತೆಯನ್ನು ಯಾರೂ ಹೇಳಿದ್ದಿಲ್ಲ.

ಬೆಂಗಳೂರಿನವರು ಇತ್ತೀಚೆಗೆ ಬೇರೆ ದಾರಿ ಹಿಡಿದಿದ್ದಾರೆ. ಹೆಬ್ಬಾಳದಲ್ಲಿ 8ನೇ ಶತಮಾನದ ಕಿತ್ತಯ್ಯನ ಕಲ್ಲು ಚರಂಡಿ ಕೆಲಸದಲ್ಲಿ ಮೇಲೆದ್ದಾಗ, ಆಸಕ್ತರೂ ಊರವರೂ ಸೇರಿ ಮಂಟಪ ಕಟ್ಟಿ ನಿಲ್ಲಿಸಿದರು. ಮಿಥಿಕ್ ಸೊಸೈಟಿಯವರು ಶಾಸನಗಳನ್ನು ಮೂರು ಆಯಾಮದಲ್ಲಿ ಸ್ಕ್ಯಾನ್ ಮಾಡಿಡುತ್ತಿದ್ದಾರೆ, ಕಲ್ಲು ಹೋದರೂ ಅಕ್ಷರ ಉಳಿಯಲಿ ಎಂದು. ಅಷ್ಟರಮಟ್ಟಿಗೆ ನಂಬಿಕೆ ನಮ್ಮೆಲ್ಲರ ಮೇಲೆ. ಸರ್ಕಾರಗಳು ಕಂಡುಕೊಂಡ ದಾರಿ ದತ್ತು. 2018ರಲ್ಲಿ ದಾಲ್ಮಿಯಾದವರು ಐದು ವರ್ಷಕ್ಕೆ 25 ಕೋಟಿ ಎಂದು ಕೆಂಪುಕೋಟೆಯನ್ನೇ ದತ್ತು ತೆಗೆದುಕೊಂಡರು. ನಮ್ಮ ರಾಜ್ಯದಲ್ಲೂ ಸ್ಮಾರಕ ದತ್ತು ಯೋಜನೆ ಬಂದಿದೆ. ತಂದೆ ತಾಯಿ ಸತ್ತ ಮಗುವನ್ನು ದತ್ತು ಕೊಡುವುದು ಕೇಳಿದ್ದೆ. ಮೂವರು ತಂದೆ ಬದುಕಿದ್ದು, ಮೂವರೂ ಯಜಮಾನಿಕೆ ಬಿಡದೆ, ಮಗುವಿಗೆ ಅನ್ನ ಹಾಕುವವರು ಯಾರಾದರೂ ಇದ್ದಾರಾ ಎಂದು ಟೆಂಡರು ಕರೆಯುವುದು ಹೊಸದು.

ಹಾಗಾದರೆ ಕಲ್ಲು ಯಾರ ಕೈಲಿರಬೇಕು ಎಂದು ನನ್ನನ್ನು ಕೇಳಿದರೆ, ದೆಹಲಿಯೋ, ರಾಜ್ಯದ ಪುರಾತತ್ವ ಇಲಾಖೆ ಕೂತಿರುವ ಮೈಸೂರೋ, ಹುತ್ತೂರೋ ಎಂಬುದರ ಬಗ್ಗೆ ನನಗೆ ಅಂಥ ಹಟವಿಲ್ಲ. ಇಷ್ಟು ಕಚೇರಿ ತಿರುಗಿ ನನಗೆ ಕೇಳಿಸಿದ್ದು ಎರಡೇ ಮಾತು. ಬೇಡ ಎನ್ನುವ ಅಧಿಕಾರದ ಪ್ರಶ್ನೆ ಬಂದಾಗ ಪ್ರತಿಯೊಬ್ಬರೂ 'ಮಾದಿ'. ಪೊರಕೆ ಹಿಡಿಯುವ ಪ್ರಶ್ನೆ ಬಂದಾಗ ಪ್ರತಿಯೊಬ್ಬರೂ 'ಮಾದಿ ಕಾದು', ನಮ್ಮದಲ್ಲ. ಮಧ್ಯದ ಆ ಮೂರಕ್ಷರದ ಮಾತು ಯಾವ ಕಾಯಿದೆಯಲ್ಲೂ ಅನುವಾದವಾಗಿಲ್ಲ. 51ಎ ವಿಧಿಯಲ್ಲಿ ಪರಂಪರೆಯನ್ನು ಕಾಪಾಡುವುದು ಪ್ರತಿ ನಾಗರಿಕನ ಮೂಲಭೂತ ಕರ್ತವ್ಯ ಎಂದಿದೆ, ನಿಜ. ಆ ಕರ್ತವ್ಯ ಮಾಡಲು ನಾನು ಹಾಕಿದ ಅರ್ಜಿಗೆ ಎರಡು ತಿಂಗಳ ಮೇಲೆ ಹಿಂಬರಹ ಬಂತು.

ಅದನ್ನು ಹಿಡಿದುಕೊಂಡೇ ಕೆರೆಯ ಹತ್ತಿರ ಹೋದೆ. ವೀರ ಹಾಗೇ ವಾಲಿದ್ದ. ಅಜ್ಜಿ ಈ ಸಲ ಕಂಬಳಿ ಹಾಕಿಕೊಂಡು ಕೂತಿದ್ದರು, ಕಂಬಳಿಗೆ ಇಡೀ ಕಲ್ಲು ಬೇಕಾಗಿತ್ತು.

"ಏನಂತಪ್ಪಾ, ಕೊಟ್ರಾ ಪರ್ಮಿಸನ್ನು?"

ಓದಿ ಹೇಳಿದೆ: ಸದರಿ ಕಲ್ಲು ಈ ಕಚೇರಿಯ ಪಟ್ಟಿಯಲ್ಲಿ ಇರುವುದಿಲ್ಲ. ಆದರೂ ಅದನ್ನು ಸ್ಥಳದಿಂದ ಕದಲಿಸಲು ಅವಕಾಶವಿರುವುದಿಲ್ಲ. ಕದಲಿಸಬೇಕಾದಲ್ಲಿ ಕಲ್ಲಿನ ಮಾಲೀಕರ ಒಪ್ಪಿಗೆ ಪತ್ರವನ್ನು ಲಗತ್ತಿಸಿ ಮರು ಅರ್ಜಿ ಸಲ್ಲಿಸತಕ್ಕದ್ದು.

"ಮಾಲೀಕ್ರು ಅಂದ್ರೆ?"

"ಕಲ್ಲು ಯಾರ್ದೋ ಅವ್ರು ಸೈನ್ ಮಾಡ್ಬೇಕಂತೆ."

ಅಜ್ಜಿ ಕಂಬಳಿಯನ್ನು ಕಲ್ಲಿನ ಮೇಲೆ ಬಿಟ್ಟು, ಬಲಗೈಯ ನೊರೆಯನ್ನು ಸೆರಗಿಗೆ ಒರೆಸಿಕೊಂಡು, ಹೆಬ್ಬೆಟ್ಟು ಮುಂದೆ ಮಾಡಿದರು. "ಸೈನ್ ಬರಲ್ಲ. ಎಲ್ಲಿ ಒತ್ತಬೇಕು ತೋರ್ಸು."